ಒಂಬತ್ತು ಗೆರೆ ಮಟ್ಟ, ಮಿಕ್ಕಿದ್ದು ಓರೆ

ನನ್ನ ಬೆನ್ನ ಹಿಂದೆ ಕೋಲ್ಡ್ ರೂಮಿನ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಗೇಣು ದಪ್ಪದ ಬಾಗಿಲು. ಅದು ಧಡ್ ಎನ್ನುವುದಿಲ್ಲ, ಮೆತ್ತಗೆ ಒತ್ತಿಕೊಂಡು ಸುಮ್ಮನಾಗುತ್ತದೆ. ತಿರುಗಿ ನೋಡಿದೆ. ಒಳಬದಿಯಲ್ಲಿ ಹಿಡಿಕೆ ಇರಬೇಕಾದ ಕಡೆ ಒಂದು ಚೌಕದ ತೂತು ಮಾತ್ರ ಇತ್ತು. ಒಳಗೆ ಬರುವಾಗ ನಾನದನ್ನು ಗಮನಿಸಿರಲಿಲ್ಲ. ಔಷಧ ತಪಾಸಣೆ ಇಲಾಖೆಯಲ್ಲಿ ನನಗೆ ಭೂತಗನ್ನಡಿ ಎಂದು ಅಡ್ಡಹೆಸರು. ಇಂಥ ಭೂತಗನ್ನಡಿ ಇದ್ದರೆಷ್ಟು, ಬಿಟ್ಟರೆಷ್ಟು.

ತೂತಿಗೆ ಬೆರಳು ತುರುಕಿ ತಿರುಗಿಸಿದೆ. ಅಲುಗಲಿಲ್ಲ. ಮೊಬೈಲು ತೆಗೆದೆ. ಸುತ್ತಮುತ್ತ ಉಕ್ಕಿನ ತಗಡು, ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಗಂಟೆ ಮೂರು ದಾಟಿ ಐದು ನಿಮಿಷ. ಅಕ್ಕನ ಆಪರೇಷನ್ ನಾಲ್ಕಕ್ಕೆ.

ನಾಲ್ಕು ಡಿಗ್ರಿ ಚಳಿಯಲ್ಲಿ ಒಂದು ಗಂಟೆ ನಿಂತರೆ ಯಾರೂ ಸಾಯುವುದಿಲ್ಲ. ಅದು ನನಗೆ ಗೊತ್ತು. ಆದರೂ ಹಲ್ಲು ಕಟಕಟ ಎನ್ನತೊಡಗಿತು, ಅದು ಚಳಿಗಲ್ಲ. ಈ ಕಾರ್ಖಾನೆಯ ಔಷಧ ಮೈಗೆ ಹೋದ ಆರು ಜನರಲ್ಲಿ ಮೂವರು ಹೀಗೇ ನಡುಗಿ ಮಲಗಿದ್ದರು, ಅವರಲ್ಲಿ ಒಬ್ಬರು ಏಳಲೇ ಇಲ್ಲ. ಆ ಔಷಧವನ್ನು ಶುದ್ಧ ಮಾಡಿದ ಆಪರೇಟರು ಎರಡು ದಿನದಿಂದ ನಾಪತ್ತೆ.

ಆತನನ್ನು ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು. ಇಪ್ಪತ್ತು ವರ್ಷದಿಂದ ಒಂದೇ ಕೆಲಸ. ಒಂಬತ್ತನೇ ನಿಮಿಷಕ್ಕೆ ಪಾತ್ರೆ ಇಡು, ಹನ್ನೊಂದನೇ ನಿಮಿಷಕ್ಕೆ ತೆಗೆ. ಪರದೆಯ ಮೇಲಿನ ಗೆರೆ ಏರಿತೋ ಇಳಿಯಿತೋ ಆತ ನೋಡುತ್ತಿರಲಿಲ್ಲ. ಮುಳ್ಳು ನೋಡಿ ಹಿಡಿಯುತ್ತಿದ್ದ, ಮುಳ್ಳು ನೋಡಿ ಬಿಡುತ್ತಿದ್ದ. ಮೂರು ಗಂಟೆಗೆ ಆತನ ಲಾಕರು ಒಡೆಸಿದಾಗ ಒಂದು ಚೀಟಿ ಸಿಕ್ಕಿತ್ತು. 'ಕೋಲ್ಡ್ ರೂಮು, ಕೆಳಗಿನ ಸಾಲು, ನೀಲಿ ಬಟ್ಟೆ. ತೊಳೆಯಬೇಡಿ.'

ಬಾಗಿಲಿನ ಚಿಂತೆ ಬಿಟ್ಟು ಮೊಣಕಾಲೂರಿದೆ. ಬಂದ ಕೆಲಸವನ್ನಾದರೂ ಮುಗಿಸೋಣ ಎನಿಸಿತು. ಕೆಳಗಿನ ಸಾಲಿನ ಕೊನೆಯಲ್ಲಿ, ಉಪ್ಪುನೀರಿನ ಕ್ಯಾನುಗಳ ಹಿಂದೆ, ನೀಲಿ ಬಟ್ಟೆ ಸುತ್ತಿದ ಗಂಟು ಇತ್ತು. ಬಿಚ್ಚಿದೆ.

ಪೆಟ್ಟಿಗೆ.

ಮೊಳದುದ್ದ, ಗೇಣೆತ್ತರ, ನಾಲ್ಕು ಬೆರಳು ಅಗಲ. ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್ಕಿನ ಗೋಡೆ, ಒಳಗೆ ಒದ್ದೆ ಮರಳಿನಂತೆ ಒತ್ತಾಗಿ ತುಂಬಿದ ಬಿಳಿ ರೆಸಿನ್. ಕಾಗದದ ಪ್ರಕಾರ ಇದನ್ನು ಹನ್ನೆರಡು ದಿನಗಳ ಹಿಂದೆಯೇ ಬಿಚ್ಚಿ, ತೊಳೆದು, ರೆಸಿನ್ ಎಸೆಯಲಾಗಿತ್ತು. ಕಾಗದಕ್ಕೇನು, ಬರೆದದ್ದನ್ನು ಹೊರುತ್ತದೆ.

ಈ ಪೆಟ್ಟಿಗೆಯ ವಿಷಯ ನನಗೆ ಹೊಸದಲ್ಲ. ಹದಿನೈದು ವರ್ಷಗಳ ಹಿಂದೆ ಇದೇ ಕಾರ್ಖಾನೆಯಲ್ಲಿ ತರಬೇತಿಗೆ ಇದ್ದಾಗ ನಾವು ಬಳಸುತ್ತಿದ್ದದ್ದು ದುಂಡನೆಯ ಕಾಲಮ್ಮು, ರೆಸಿನ್ ತುಂಬಿದ ಕೊಳವೆ. ರಕ್ತದ ದ್ರವವನ್ನು ಅದರ ಮೇಲಿನಿಂದ ಬಿಟ್ಟರೆ ಬೇಕಾದ ಪ್ರೋಟೀನು ರೆಸಿನ್ನಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಉಪ್ಪುನೀರು ಬಿಟ್ಟರೆ ಒಂದೊಂದು ಪ್ರೋಟೀನು ಒಂದೊಂದು ಹೊತ್ತಿಗೆ ಕಳಚಿ ಹೊರಬರುತ್ತದೆ. ಮೊದಲು ನಮಗೆ ಬೇಕಾದ್ದು, ಅದರ ಬೆನ್ನಿಗೇ ಬೇಡದ್ದು. ಕ್ರೊಮ್ಯಾಟೊಗ್ರಫಿ ಎಂದು ದೊಡ್ಡ ಹೆಸರಿದೆ. ಕೆಲಸ ಮಾತ್ರ ಇಷ್ಟೇ.

ಬೇಗ ಆಗಲಿ ಎಂದು ಕಾಲಮ್ಮನ್ನು ಡೋಲಿನಂತೆ ಗಿಡ್ಡಗೆ, ಅಗಲಕ್ಕೆ ಮಾಡಿದರೆ ತೊಂದರೆ ಶುರುವಾಗುತ್ತಿತ್ತು. ಮೇಲೆ ನಟ್ಟನಡುವೆ ಒಂದೇ ತೂತು, ಕೆಳಗೂ ನಟ್ಟನಡುವೆ ಒಂದೇ ತೂತು. ನಡುವಿನಲ್ಲಿ ಹೋದದ್ದು ನೆಟ್ಟಗೆ ಇಳಿದು ಹೊರಗೆ ಬಂದಿರುತ್ತದೆ. ಅಂಚಿಗೆ ಹೋದದ್ದು ಇನ್ನೂ ಸುತ್ತು ಹಾಕುತ್ತಿರುತ್ತದೆ. ಗ್ರಾಫಿನಲ್ಲಿ ಸೂಜಿಯಂತೆ ಏಳಬೇಕಾದ ಗೆರೆ ಗುಡ್ಡವಾಗಿ, ಹಿಂದೆ ಬಾಲ ಎಳೆಯುತ್ತದೆ. ಆ ಬಾಲದೊಳಕ್ಕೆ ಬೇಡದ ಪ್ರೋಟೀನು ಬಂದು ಸೇರಿಕೊಳ್ಳುತ್ತದೆ.

ಅದಕ್ಕೇ ಈ ಪೆಟ್ಟಿಗೆ. ಮೇಲಿನ ಎಡಮೂಲೆಯಲ್ಲಿ ಒಳಗೆ, ಕೆಳಗಿನ ಬಲಮೂಲೆಯಲ್ಲಿ ಹೊರಗೆ. ಎದುರುಬದುರು ಮೂಲೆಗಳು, ಎಲ್ಲ ಹನಿಗೂ ಒಂದೇ ದೂರದ ದಾರಿ.

ನನ್ನ ಕೈಯಲ್ಲಿದ್ದ ಪೆಟ್ಟಿಗೆಯಲ್ಲಿ ಕೆಳಗಿನ ಬಲಮೂಲೆಗೆ ಕೆಂಪು ಬಿರಡೆ ಜಡಿದಿತ್ತು. ಹೊರಗೆ ಹೋಗುವ ಟ್ಯೂಬು ಕೆಳಗಿನ ಎಡಮೂಲೆಗೆ ಸಿಕ್ಕಿಸಿತ್ತು. ಟ್ಯೂಬಿನ ತುದಿಯನ್ನು ಬ್ಲೇಡಿನಲ್ಲಿ ಕೊಯ್ದ ಗುರುತಿತ್ತು. ಒಂದು ಗೇಣು ಗಿಡ್ಡ, ಬಲಮೂಲೆಗೆ ಎಟುಕುವಂತಿರಲಿಲ್ಲ.

ನನಗೆ ಉಸಿರು ಬಂದಂತಾಯಿತು. ಬೆಳಿಗ್ಗೆಯಿಂದ ನಾನು ಅಂದುಕೊಂಡದ್ದೇ ಸರಿ. ಫೈಲಿನಲ್ಲಿದ್ದ ನಲವತ್ತು ಗ್ರಾಫುಗಳೂ ಸೂಜಿಯಂತಿದ್ದವು, ಒಂದನ್ನೇ ನಲವತ್ತು ಸಲ ನಕಲು ತೆಗೆದದ್ದು ಎಂದು ಯಾರಿಗೂ ಹೊಳೆಯದಷ್ಟು ಚೆನ್ನಾಗಿ. ಆದರೆ ಪಂಪಿನ ಮೇಜಿನಡಿ ನನಗೆ ಸಿಕ್ಕಿದ್ದ ಹರಿದ ಅಸಲು ಗ್ರಾಫಿನ ಗೆರೆ ಸೂಜಿಯೂ ಅಲ್ಲ, ಗುಡ್ಡವೂ ಅಲ್ಲ. ಮೇಜಿನಂತೆ ಚಪ್ಪಟೆ. ದುಂಡನೆಯ ಕಾಲಮ್ಮು ಅಂಥ ಗೆರೆ ಬರೆಯುವುದಿಲ್ಲ. ಮೂಲೆ ತಪ್ಪಿದ ಪೆಟ್ಟಿಗೆ ಮಾತ್ರ ಬರೆಯುತ್ತದೆ.

ಬೆಳಿಗ್ಗೆ ನನಗೆ ಉಳಿದಿದ್ದದ್ದು ಒಂದೇ ಪ್ರಶ್ನೆ, ಮೂಲೆ ತಪ್ಪಿದ್ದು ಎಷ್ಟನೇ ಸಲ ಓಡಿಸುವಾಗ? ಒಂದು ಓಟಕ್ಕೆ ಒಂದು ಟ್ರೇ ಸೀಸೆ, ಓಟದ ಸಂಖ್ಯೆಯೇ ಟ್ರೇಯ ಸಂಖ್ಯೆ. ಅಕ್ಕನ ಆಸ್ಪತ್ರೆಯಲ್ಲಿ ಇದ್ದದ್ದು ಎರಡೇ ಸೀಸೆ. ಒಂದು ಹದಿನಾಲ್ಕನೇ ಟ್ರೇಯದು, ಇನ್ನೊಂದು ಮೂವತ್ತೊಂದನೆಯದು.

ಅಕ್ಕನ ರಕ್ತ ತಾನಾಗಿ ಹೆಪ್ಪುಗಟ್ಟುವುದಿಲ್ಲ, ಅದಕ್ಕೆ ಈ ಔಷಧವೇ ಬೇಕು. ಚಿಕ್ಕಂದಿನಲ್ಲಿ ಒಂದು ಹಲ್ಲು ಕಿತ್ತದ್ದಕ್ಕೆ ಮೂರು ರಾತ್ರಿ ದಿಂಬು ಕೆಂಪಾಗಿತ್ತು. ಈಗ ತುಂಬು ಬಸುರಿ. ಮಗುವಿನ ಎದೆಬಡಿತ ಇಳಿಯುತ್ತಿದೆ, ಹೊಟ್ಟೆ ಕೊಯ್ದೇ ತೆಗೆಯಬೇಕು ಎಂದು ಡಾಕ್ಟರು ಬೆಳಿಗ್ಗೆ ಹೇಳಿದ್ದರು. ಬೇರೆ ಊರಿನಿಂದ ಬೇರೆ ಔಷಧ ಬರುವುದು ನಾಡಿದ್ದು. ಕೊಡದಿದ್ದರೆ ರಕ್ತ ನಿಲ್ಲುವುದಿಲ್ಲ, ಕೆಟ್ಟದ್ದು ಕೊಟ್ಟರೆ ಉಸಿರು ನಿಲ್ಲುತ್ತದೆ. ಅತ್ತ ದರಿ ಇತ್ತ ಪುಲಿ ಎನ್ನುವ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥ ಈ ಹೊತ್ತು ತಿಳಿಯಿತು.

ಭಾವ ಇದೇ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಆ ಎರಡು ಸೀಸೆಗಳನ್ನು ಇಲ್ಲಿಂದ ಆಸ್ಪತ್ರೆಗೆ ತಾನೇ ಕೈಯಾರೆ ಒಯ್ದು ಕೊಟ್ಟವರು. ಸ್ಟೋರಿನ ಪುಸ್ತಕವನ್ನೂ ಬೆಳಿಗ್ಗೆ ಅವರೇ ನನ್ನ ಮುಂದೆ ತೆರೆದಿಟ್ಟಿದ್ದರು. ಅವರದೇ ಗುಂಡಗಿನ ಅಕ್ಷರದಲ್ಲಿ ಒಂದು ಸಾಲು, ಶುದ್ಧೀಕರಣ ಕೋಣೆಗೆ ಬೂದು ರಬ್ಬರ್ ಬಿರಡೆ, ಒಂದು. ತಾರೀಖು ಇಪ್ಪತ್ತೇಳನೇ ಓಟದ ದಿನದ್ದು. ಬಿರಡೆ ಜಡಿದ ದಿನವೇ ಮೂಲೆ ಬದಲಾದ ದಿನ. ಅಂದರೆ ಇಪ್ಪತ್ತಾರರವರೆಗೆ ಎಲ್ಲ ಚೊಕ್ಕ.

ಎರಡೂವರೆಗೆ ನಾನೇ ಫೋನು ಮಾಡಿದ್ದೆ. ಭಾವ ಸ್ಪೀಕರ್ ಹಾಕಿದರು.

"ಡಾಕ್ಟ್ರು ಪಕ್ಕದಲ್ಲೇ ಇದಾರೆ ಪುಟ್ಟಿ. ನಾನು ಹೇಳೋದು ಬೇಡ, ನೀನೇ ನಿನ್ನ ಬಾಯಿಂದ ಹೇಳಿಬಿಡು."

ನಾನು ಹೇಳಿದೆ. ಹದಿನಾಲ್ಕು ಕೊಡಿ, ಮೂವತ್ತೊಂದನ್ನು ಮುಟ್ಟಬೇಡಿ ಎಂದೆ. ಅಕ್ಕ ಹಿಂದಿನಿಂದ ಏನೋ ಹೇಳಿ ನಕ್ಕದ್ದು ಕೇಳಿಸಿತ್ತು. ನನ್ನ ತಂಗಿ ಹೇಳಿದ ಮೇಲೆ ಮುಗೀತು, ಎಂದಿರಬೇಕು.

ಈಗ ಬಿರಡೆ ಕಣ್ಣೆದುರಿಗೆ ಇತ್ತು. ಕೆಂಪು ಬಿರಡೆ. ಪುಸ್ತಕದಲ್ಲಿ ಬೂದು ಎಂದಿತ್ತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಬಣ್ಣ ತಾನೆ, ಬರೆಯುವಾಗ ಕಣ್ಣು ತಪ್ಪಿರಬಹುದು ಎಂದುಕೊಂಡೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ನನ್ನಂಥವರಿಗೇ ಹೇಳಿದ್ದು.

ಆಗ ಸಾಲಿನ ಹಿಂದೆ ಯಾರೋ ಕೆಮ್ಮಿದರು.

ಜೀವ ಬಾಯಿಗೆ ಬಂತು. ಈ ಕೋಣೆಯಲ್ಲಿ ನಾನೊಬ್ಬಳೇ ಎಂದು ಐದಾರು ನಿಮಿಷದಿಂದ ನಂಬಿದ್ದೆ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಎದ್ದು ನಿಂತೆ.

ಟ್ರೇಗಳ ಸಾಲಿನಾಚೆ, ಖಾಲಿ ಕ್ರೇಟಿನ ಮೇಲೆ ಮೇಷ್ಟ್ರು ಕೂತಿದ್ದರು. ಶುದ್ಧೀಕರಣ ಕೋಣೆಯ ಮುಖ್ಯಸ್ಥರು. ನನಗೂ ಗಡಿಯಾರನಿಗೂ, ಈ ಕಾರ್ಖಾನೆಯಲ್ಲಿ ಟ್ಯೂಬು ಹಿಡಿದ ಪ್ರತಿಯೊಬ್ಬರಿಗೂ ಕೆಲಸ ಕಲಿಸಿದವರು. ಪೆಟ್ಟಿಗೆ ಅವರದೇ ಸೃಷ್ಟಿ. ತೊಡೆಯ ಮೇಲೆ ಒಂದು ಕ್ಯಾನು ಇತ್ತು. ಮುಚ್ಚಳ ತೆಗೆದಿತ್ತು. ವಾಸನೆ ಇಲ್ಲದಿದ್ದರೂ ಮೇಲಿನ ಕೆಂಪು ಪಟ್ಟಿ ನೋಡಿ ಅದೇನೆಂದು ತಿಳಿಯಿತು. ಕಾಸ್ಟಿಕ್ ಸೋಡಾ. ರೆಸಿನ್ನಿನ ಕೊಳೆಯನ್ನು ಗುರುತಿಲ್ಲದಂತೆ ತೊಳೆಯುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣನ್ನೂ ಹಾಗೆಯೇ.

"ಬಾಗಿಲಿಗೆ ಹೆದರಬೇಡ," ಎಂದರು. "ಹಿಡಿಕೆ ಸಡಿಲ ಆಗಿ ಎರಡು ವರ್ಷ ಆಯ್ತು. ಒಳಗೆ ಬಂದೋರು ಕಿತ್ತು ಜೇಬಿಗೆ ಹಾಕ್ಕೊಳ್ತೀವಿ. ನನ್ನ ಹತ್ರ ಇದೆ."

ಕೊಡಿ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ.

"ಮೊದಲು ಅದನ್ನ ಕೆಳಗಿಡು."

ಅವರ ದನಿ ಪಾಠ ಹೇಳುವಾಗಿನಷ್ಟೇ ಮೆತ್ತಗಿತ್ತು. ಅದಕ್ಕೇ ಹೆಚ್ಚು ಭಯವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಾನು ಇಡುವುದಿಲ್ಲ ಎಂದೆ. ಅವರು ಕ್ಯಾನು ಹಿಡಿದುಕೊಂಡು ಎದ್ದರು. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಟ್ರೇಗಳ ಸಾಲು, ಅಷ್ಟೆ. ಬೆನ್ನಿಗೆ ಹಿಡಿಕೆ ಇಲ್ಲದ ಬಾಗಿಲು ತಣ್ಣಗೆ ತಗುಲಿತು.

ಇಂಥ ಹೊತ್ತಿನಲ್ಲಿ ನನಗೆ ಬಾಯಿ ಜಾಸ್ತಿ. ಸಾರ್, ತರಬೇತಿಯ ಹಾಲ್ ನೆನಪಿದೆಯಾ ಎಂದು ಕೇಳಿದೆ. ಅವರ ಹೆಜ್ಜೆ ನಿಂತಿತು.

ನೆನಪಿರದೆ ಏನು. ಅವತ್ತು ನಾವು ಹನ್ನೆರಡು ಜನ. ಬೆಂಚುಗಳ ನಡುವೆ ಹನ್ನೆರಡು ಸಂದು ಮಾಡಿಸಿದ್ದರು, ಮೇಲ್ಗಡೆ ಒಂದು ಓಣಿ, ಕೆಳಗಡೆ ಒಂದು ಓಣಿ. ಎಡಮೂಲೆಯ ಬಾಗಿಲಿಂದ ಒಳಗೆ ಬನ್ನಿ, ನಿಮ್ಮ ನಿಮ್ಮ ಸಂದಿನಲ್ಲಿ ಇಳಿಯಿರಿ, ಎದುರು ಮೂಲೆಯ ಬಾಗಿಲಿಂದ ಹೊರಗೆ ಹೋಗಿ ಎಂದರು. ಮೊದಲನೇ ಸಂದಿನವನು ಬೇಗ ಇಳಿದರೂ ಕೆಳಗಿನ ಓಣಿಯನ್ನು ಪೂರ್ತಿ ನಡೆಯಬೇಕು. ಹನ್ನೆರಡನೆಯವಳು ನಾನು. ಮೇಲಿನ ಓಣಿಯನ್ನು ಪೂರ್ತಿ ನಡೆದೆ, ಇಳಿದ ಕೂಡಲೇ ಬಾಗಿಲು. ಎಲ್ಲರೂ ಒಟ್ಟಿಗೆ ಬಂದು ಬಾಗಿಲಲ್ಲಿ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡೆವು. ಇದೇ ಸೂಜಿ ಎಂದಿದ್ದರು ಮೇಷ್ಟ್ರು.

ಆಮೇಲೆ ಆ ಬಾಗಿಲು ಮುಚ್ಚಿ, ಒಳಗೆ ಬಂದ ಕಡೆಯೇ ಕೆಳಮೂಲೆಯ ಬಾಗಿಲು ತೆಗೆಸಿದರು. ಮೊದಲನೆಯವನು ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಗೆ. ನಾನು ಕೊನೆಯವರೆಗೆ ಹೋಗಿ, ಇಳಿದು, ಅಷ್ಟೂ ದೂರ ವಾಪಸು ಬರುವಷ್ಟರಲ್ಲಿ ಉಳಿದವರು ಟೀ ಕುಡಿದು ಲೋಟ ಇಟ್ಟಿದ್ದರು.

"ಅವತ್ತು ನನ್ನ ಹಿಂದೆ ಬೇರೆ ಬ್ಯಾಚಿನೋರು ಬರ್ತಿದ್ರು ಸಾರ್," ಎಂದೆ. "ಅವರಲ್ಲಿ ಮೊದಲನೆಯವನು ನನಗಿಂತ ಮುಂಚೆ ಆಚೆ ಹೋದ. ಹಿಂದೆ ಬರಬೇಕಾದ ಕೊಳೆ ಮುಂದಿರೋ ಔಷಧಕ್ಕೆ ಸೇರೋದು ಹೀಗೆ ಅಂತ ನೀವೇ ಹೇಳಿದ್ರಿ. ಈ ಪೆಟ್ಟಿಗೇಲೂ ಅದೇ ಆಗಿದೆ. ಗಡಿಯಾರ ಮಾತ್ರ ಪಾಪ ಒಂಬತ್ತರಿಂದ ಹನ್ನೊಂದು ನಿಮಿಷ ಹಿಡೀತಾನೇ ಇದ್ದ."

ಮೇಷ್ಟ್ರು ಕ್ಯಾನನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವರು ಮುಟ್ಟಿಕೊಳ್ಳಲೂ ಇಲ್ಲ, ಹೆಗಲನ್ನೇ ನನ್ನ ಮುಂದೆ ಚಾಚಿದರು.

ಟ್ಯೂಬಿನ ತುದಿ ಸೀಳು ಬಿಟ್ಟಿತ್ತಂತೆ. ಗಡಿಯಾರ ಸೀಳಿದ ತುದಿಯನ್ನು ಕೊಯ್ದು ಎಸೆದ. ಉಳಿದದ್ದು ಬಲಮೂಲೆಗೆ ಎಟುಕಲಿಲ್ಲ. ಎಡಮೂಲೆಯಲ್ಲಿ ತೊಳೆಯಲೆಂದು ಬಿಟ್ಟಿದ್ದ ತೂತು ಹತ್ತಿರದಲ್ಲಿತ್ತು. ಅದಕ್ಕೆ ಸಿಕ್ಕಿಸಿ, ಬಲದ್ದಕ್ಕೆ ಬಿರಡೆ ಜಡಿದ. ಇಪ್ಪತ್ತು ವರ್ಷ ದುಂಡನೆಯ ಕಾಲಮ್ಮಿನ ಜೊತೆ ಬಾಳಿದವನಿಗೆ ಹೊರಗೆ ಹೋಗುವ ತೂತು ಎಂದರೆ ಹೊರಗೆ ಹೋಗುವ ತೂತು, ಅಷ್ಟೆ. ದುಂಡಗಿರುವುದಕ್ಕೆ ಮೂಲೆ ಎಲ್ಲಿಂದ ಬರಬೇಕು.

"ಅವನದು ಕೈತಪ್ಪು," ಎಂದರು ಮೇಷ್ಟ್ರು. "ನನ್ನದು ಹಾಗಲ್ಲ. ನಲವತ್ತೂ ಮುಗಿದ ಮೇಲೆ ನಾನು ಗೆರೆ ನೋಡಿದೆ. ನೋಡಿದ ತಕ್ಷಣ ಗೊತ್ತಾಯ್ತು. ಒಳ್ಳೇ ಗ್ರಾಫನ್ನ ನಲವತ್ತು ನಕಲು ತೆಗೆದೆ."

ಯಾಕೆ ಸಾರ್ ಎಂದು ಕೇಳಿದೆ. ಇವರನ್ನು ನಾನು ತಂದೆಯ ಸಮ ಅಂದುಕೊಂಡಿದ್ದೆ.

ಪೆಟ್ಟಿಗೆಗೆ ಕೆಟ್ಟ ಹೆಸರು ಬರುತ್ತದೆ ಎಂದು ಹೆದರಿದೆ, ಎಂದರು. ಮೂಲೆ ತಪ್ಪಿತು ಎಂದು ಯಾರೂ ಹೇಳುವುದಿಲ್ಲ, ಪೆಟ್ಟಿಗೆ ಕೊಂದಿತು ಎನ್ನುತ್ತಾರೆ. ಹನ್ನೊಂದು ವರ್ಷ ಮನೆಯವರ ಮುಖ ನೋಡದೆ ಮಾಡಿದ್ದು ಅದು. ಅದರಲ್ಲಿ ಏನೂ ತಪ್ಪಿಲ್ಲ ಎಂದು ಮೂರು ಸಲ ಹೇಳಿದರು. ಸತ್ತವರ ಮಾತು ಒಂದು ಸಲವೂ ಬರಲಿಲ್ಲ. ನನಗೆ ಅವರ ಮೇಲೆ ಕನಿಕರವೂ ಬಂತು, ಕೆನ್ನೆಗೆ ಬಾರಿಸಬೇಕು ಎನ್ನುವಷ್ಟು ಸಿಟ್ಟೂ ಬಂತು.

ಆದರೂ ಒಂದು ಸಮಾಧಾನವಿತ್ತು. ಅದನ್ನೇ ಬಾಯಿಬಿಟ್ಟು ಹೇಳಿದೆ. ಸದ್ಯ, ಇಪ್ಪತ್ತಾರರವರೆಗಿನ ಔಷಧ ಒಳ್ಳೆಯದು, ನನ್ನ ಅಕ್ಕನಿಗೆ ಕೊಡುವುದು ಹದಿನಾಲ್ಕನೆಯದು ಎಂದೆ.

ಮೇಷ್ಟ್ರು ತಲೆ ಎತ್ತಿದರು. ಅವರ ಮುಖದಲ್ಲಿ ಅಲ್ಲಿಯವರೆಗೆ ಇಲ್ಲದ್ದೇನೋ ಬಂತು. ಅದು ಭಯ. ಅವರ ಭಯ ನನ್ನ ಮೇಲೂ ಅಲ್ಲ, ತಮ್ಮ ಮೇಲೂ ಅಲ್ಲ.

"ಇಪ್ಪತ್ತಾರು ಅಂತ ನಿನಗೆ ಹೇಳಿದ್ಯಾರು?"

ಬಿರಡೆಯ ತಾರೀಖು ಎಂದೆ. ಸ್ಟೋರಿನ ಪುಸ್ತಕ ಎಂದೆ.

"ಆ ಬಿರಡೆ ಸ್ಟೋರಿಂದ ಬಂದದ್ದಲ್ಲ. ನನ್ನ ಮೇಜಿನ ಡ್ರಾಯರಿಂದ ಗಡಿಯಾರನೇ ಎತ್ಕೊಂಡಿದ್ದು. ಕೆಂಪು ಬಿರಡೆ ಈ ಕಾರ್ಖಾನೇಲಿ ನನ್ನ ಹತ್ರ ಮಾತ್ರ ಇರೋದು." ಅವರು ಕ್ಯಾನನ್ನು ನೆಲಕ್ಕಿಟ್ಟರು. "ನಿನ್ನ ಗಾಜು ತಗೊಂಡು ಪೆಟ್ಟಿಗೆ ಗೋಡೆ ನೋಡು. ಎಣಿಸು."

ಜೇಬಿನಿಂದ ಭೂತಗನ್ನಡಿ ತೆಗೆದೆ. ಬೆರಳು ಮರಗಟ್ಟಿದ್ದವು. ಎರಡು ಸಲ ಜಾರಿತು.

ಪ್ಲಾಸ್ಟಿಕ್ ಗೋಡೆಯ ಒಳಗೆ, ಬಿಳಿ ರೆಸಿನ್ನಿನ ಮೇಲ್ಭಾಗದಲ್ಲಿ ಬರಿಗಣ್ಣಿಗೆ ಹಳದಿ ಮಸುಕು ಮಾತ್ರ ಕಾಣುತ್ತಿತ್ತು. ಗಾಜಿನಡಿ ಅದು ಗೆರೆಗಳಾಯಿತು. ರಕ್ತದ ದ್ರವದಲ್ಲಿ ಚೂರು ಕೊಬ್ಬು ಇರುತ್ತದೆ. ಪ್ರತಿ ಓಟದಲ್ಲೂ ಅದು ಎಲ್ಲಿಯವರೆಗೆ ಇಳಿಯಿತೋ ಅಲ್ಲಿ ಕೂದಲೆಳೆಯಷ್ಟು ಹಳದಿ ಬಿಟ್ಟುಹೋಗುತ್ತದೆ, ತೊಟ್ಟಿಯ ನೀರು ಗೋಡೆಗೆ ಪಾಚಿ ಗುರುತು ಬಿಟ್ಟಂತೆ. ಮುಂದಿನ ಓಟದ್ದು ಅದರ ಕೆಳಗೆ. ಉಪ್ಪುನೀರಿಗೆ ಅದು ಹೋಗುವುದಿಲ್ಲ. ಕಾಸ್ಟಿಕ್ಕಿಗೆ ಹೋಗುತ್ತದೆ.

ತೊಳೆಯಬೇಡಿ ಎಂದು ಗಡಿಯಾರ ಬರೆದದ್ದು ಇದಕ್ಕೆ. ಕೊನೆಗೊಮ್ಮೆ ಆತ ಮುಳ್ಳು ಬಿಟ್ಟು ಗೆರೆ ನೋಡಿದ್ದ.

ಮೂಲೆ ಸರಿಯಿದ್ದರೆ ಎಲ್ಲ ಕಡೆಗೂ ಸಮನಾಗಿ ದ್ರವ ಹರಿಯುತ್ತದೆ, ಗೆರೆ ಮಟ್ಟವಾಗಿರುತ್ತದೆ. ಒಳಗೆ ಬರುವುದೂ ಹೊರಗೆ ಹೋಗುವುದೂ ಒಂದೇ ಪಕ್ಕದಲ್ಲಿದ್ದರೆ ಆ ಪಕ್ಕದ್ದು ಹತ್ತಿರದ ದಾರಿ. ನೀರಿಗೂ ಮನುಷ್ಯರಿಗೂ ಹತ್ತಿರದ ದಾರಿಯೇ ಇಷ್ಟ. ಅಲ್ಲಿ ಹೆಚ್ಚು ಹರಿದು ಗೆರೆ ಆ ಕಡೆಗೆ ಓರೆಯಾಗಿ ಇಳಿಯುತ್ತದೆ.

ಮೇಲಿನಿಂದ ಎಣಿಸಿದೆ. ಒಂದು, ಮಟ್ಟ. ಎರಡು, ಮಟ್ಟ. ಐದು, ಆರು, ಏಳು. ನನ್ನ ಉಸಿರು ಗೋಡೆಗೆ ತಾಗಿ ಮಂಜು ಕಟ್ಟುತ್ತಿತ್ತು, ತೋಳಿನಿಂದ ಒರೆಸಿ ಮತ್ತೆ ನೋಡುತ್ತಿದ್ದೆ. ಎಂಟು. ಒಂಬತ್ತು.

ಹತ್ತನೆಯದು ಓರೆ.

ಹನ್ನೊಂದು ಓರೆ. ಹನ್ನೆರಡು ಓರೆ. ಆಮೇಲೆ ನಲವತ್ತರವರೆಗೆ ಒಂದೂ ಮಟ್ಟಕ್ಕೆ ಬರಲಿಲ್ಲ.

ತಪ್ಪು ಎಣಿಸಿರಬೇಕು ಎಂದು ದೇವರನ್ನು ಬೇಡಿಕೊಳ್ಳುತ್ತ ಮತ್ತೊಮ್ಮೆ ಎಣಿಸಿದೆ. ಮಟ್ಟದ್ದು ಒಂಬತ್ತೇ ಇದ್ದವು. ಹದಿನಾಲ್ಕನೆಯದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಎಡಕ್ಕೆ ಬೆರಳಗಲ ಜಾರಿ ಇಳಿದಿತ್ತು.

ಹಿಡಿಕೆ ಕೊಡಿ ಎಂದೆ. ಮೇಷ್ಟ್ರು ಜೇಬಿಗೆ ಕೈ ಹಾಕಿದರು. ಹಿಡಿಕೆಯ ಜೊತೆ ಮಡಿಸಿದ ಒಂದು ಕಾಗದವೂ ಬಂತು.

"ನಾನು ಸುಳ್ಳು ಬರೆದೆ, ನಿಜ. ಆದ್ರೆ ಔಷಧ ಆಚೆ ಬಿಡಿ ಅಂತ ಹೇಳಿಲ್ಲ. ಗೆರೆ ನೋಡಿದ ದಿನಾನೇ ಸ್ಟೋರಿಗೆ ಚೀಟಿ ಕಳಿಸಿದ್ದೆ. ಇದು ಅದರ ಕಾರ್ಬನ್ನು."

ಓದಿದೆ. 'ಹತ್ತನೇ ಟ್ರೇಯಿಂದ ಮುಂದಕ್ಕೆ ಯಾವುದನ್ನೂ ಹೊರಗೆ ಕಳಿಸಬಾರದು. ಒಂದರಿಂದ ಒಂಬತ್ತು ಮಾತ್ರ ಸರಿ ಇವೆ.' ಕೆಳಗೆ, ತಲುಪಿದೆ ಎಂದು ರುಜು. ಗುಂಡಗಿನ ಅಕ್ಷರ. ಬ್ಯಾಂಕಿನ ಅರ್ಜಿಯಲ್ಲಿ, ಅಕ್ಕನ ಆಸ್ಪತ್ರೆಯ ಫಾರಮ್ಮಿನಲ್ಲಿ, ಬೆಳಿಗ್ಗೆ ಬೂದು ಬಿರಡೆಯ ಸಾಲಿನಲ್ಲಿ ನಾನು ಕಂಡ ಅಕ್ಷರ.

ಭಾವನ ರುಜು. ಹದಿಮೂರು ದಿನಗಳ ಹಿಂದಿನದು.

ಭಾವನಿಗೆ ಗೊತ್ತಿತ್ತು. ಹದಿನಾಲ್ಕು ಕೆಟ್ಟದ್ದೆಂದು ಗೊತ್ತಿದ್ದೇ ಒಯ್ದಿದ್ದರು. ಬೂದು ಬಿರಡೆಯ ಸಾಲನ್ನು ನನ್ನ ಕಣ್ಣಿಗೆ ಬೀಳುವಂತೆ ತೆರೆದಿಟ್ಟವರೂ ಅವರೇ. ತಡೆದಿಡಬೇಕಾದ ಟ್ರೇಗಳನ್ನು ಹೊರಗೆ ಬಿಟ್ಟದ್ದು ಬಯಲಾಗದಿರಲಿ ಎಂದೋ, ಇನ್ನೇನೋ. ಯೋಚಿಸಲು ತಲೆ ಓಡಲಿಲ್ಲ. ನಿನ್ನ ಬಾಯಿಂದ ಹೇಳಿಬಿಡು ಎಂಬ ಮಾತೊಂದೇ ಕಿವಿಯಲ್ಲಿ ಸುತ್ತುತ್ತಿತ್ತು.

ಮೇಷ್ಟ್ರು ಮೇಲಿನ ಸಾಲಿನತ್ತ ಕೈ ತೋರಿಸಿದರು. ಪ್ರತಿ ಟ್ರೇಯಿಂದ ಎರಡು ಸೀಸೆ ಮಾದರಿಗೆಂದು ಇಲ್ಲೇ ಎತ್ತಿಡುತ್ತಾರೆ. ಒಂದರಿಂದ ಒಂಬತ್ತರ ಸೀಸೆಗಳು ಬಿಳಿ ಮುಚ್ಚಳ ಹಾಕಿಕೊಂಡು ಸಾಲಾಗಿ ಕೂತಿದ್ದವು. ಇಷ್ಟು ಹೊತ್ತೂ ನನ್ನ ತಲೆಯ ಮೇಲೆ.

"ಸ್ಟೋರಿನವನು ಸೀಸೆ ತಗೊಳ್ಳೋಕೆ ಬಂದಾಗ ಇವೂ ಅವನ ಕಣ್ಣೆದುರಿಗೇ ಇದ್ವು," ಎಂದರು ಮೇಷ್ಟ್ರು.

ನಾಲ್ಕನೆಯದರಿಂದ ಎರಡು, ಐದನೆಯದರಿಂದ ಎರಡು ಸೀಸೆ ಬಾಚಿ ಕೋಟಿನ ಒಳಜೇಬಿಗೆ ಹಾಕಿದೆ. ಪೆಟ್ಟಿಗೆಯನ್ನು ಕಂಕುಳಿಗೆ ಒತ್ತಿಕೊಂಡೆ. ಹಿಡಿಕೆಯನ್ನು ಚೌಕದ ತೂತಿಗೆ ಸಿಕ್ಕಿಸಲು ಹೋದರೆ ಮರಗಟ್ಟಿದ ಬೆರಳಿಗೆ ಅದು ಕೂರಲೇ ಇಲ್ಲ. ಮೇಷ್ಟ್ರೇ ಬಂದು ನನ್ನ ಕೈ ಹಿಡಿದು ಸಿಕ್ಕಿಸಿದರು. ಮೊದಲ ದಿನ ಟ್ಯೂಬು ಸಿಕ್ಕಿಸಲು ಕಲಿಸಿದ್ದೂ ಹೀಗೇ.

ಓಣಿಯ ಬಿಸಿಗಾಳಿ ಮುಖಕ್ಕೆ ಬಡಿಯಿತು. ಗೋಡೆಯ ಗಡಿಯಾರದಲ್ಲಿ ಮೂರು ಮೂವತ್ತೆಂಟು. ಆಸ್ಪತ್ರೆಗೆ ಹದಿನೈದು ನಿಮಿಷದ ದಾರಿ. ನಾಲ್ಕಕ್ಕೆ ಇನ್ನೂ ಇಪ್ಪತ್ತೆರಡು ನಿಮಿಷ ಇದೆ, ಆಗುತ್ತದೆ, ಆಗಲೇಬೇಕು ಎಂದುಕೊಳ್ಳುತ್ತ ಮೆಟ್ಟಿಲಿನತ್ತ ಓಡಿದೆ. ಓಡುತ್ತಲೇ ಭಾವನ ನಂಬರಿಗೆ ಅಲ್ಲ, ವಾರ್ಡಿನ ನಂಬರಿಗೆ ಒತ್ತಿದೆ. ರಿಂಗಾಯಿತು. ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಮೊಬೈಲಿಗೆ ಸಿಗ್ನಲ್ ಪೂರ್ತಿ ಸಿಕ್ಕಿತು. ಇಷ್ಟು ಹೊತ್ತು ಹೊರಗೆ ಕಾದಿದ್ದ ಸಂದೇಶಗಳು ಕೈಯಲ್ಲಿ ಎರಡು ಸಲ ಗುರ್ ಎಂದವು.

ಮೊದಲನೆಯದು ಭಾವನದು. ಕಳಿಸಿದ್ದು ಮೂರು ಇಪ್ಪತ್ತೆರಡಕ್ಕೆ, ನಾನು ಗೆರೆ ಎಣಿಸುತ್ತಿದ್ದ ಹೊತ್ತಿಗೆ. 'ಡಾಕ್ಟ್ರು ಕಾಯೋದು ಬೇಡ ಅಂದ್ರು. ಡ್ರಿಪ್ ಹಾಕಿದಾರೆ. ಹದಿನಾಲ್ಕನೇದೇ, ನೀನು ಹೇಳಿದ ಹಾಗೇ.'

ಎರಡನೆಯದು ಅಕ್ಕನದು. ಮೂರು ಮೂವತ್ತೊಂದಕ್ಕೆ.

'ಪುಟ್ಟಿ, ಇಲ್ಲಿ ಏಸಿ ಜಾಸ್ತಿ ಇಟ್ಟಿದಾರೋ ಏನೋ. ತುಂಬಾ ಚಳಿ ಆಗ್ತಿದೆ.'